ಹಳೆಯ 407: ರೇಡಿಯೇಟರಿನ ಬಳಕೆಯಿಲ್ಲದ ಪೈಪ್ ಬಾಯಿಯನ್ನು ಶಾಶ್ವತವಾಗಿ ಮುಚ್ಚುವುದು ಹೇಗೆ?

ಕೋಲಾರ_ದಾರಿ_407
ಎಲ್ಲರಿಗೂ ನಮಸ್ಕಾರ. ನನ್ನದು 1998ರ ಟಾಟಾ 407. ವಾರದಲ್ಲಿ ನಾಲ್ಕು ದಿನ ಕೋಲಾರದ ಎ.ಪಿ.ಎಂ.ಸಿ.ಯಲ್ಲಿ ಟೊಮೆಟೊ ತುಂಬಿಕೊಂಡು ಹೊಸಕೋಟೆ, ಕೆ.ಆರ್. ಪುರದ ಮೇಲೆ ಬೆಂಗಳೂರಿಗೆ ಬರುತ್ತೇನೆ. ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ಹಾಕಿ ಓಡಿಸಿದ್ದರಿಂದ ಮೂಲ ರೇಡಿಯೇಟರಿನ ಕೋರ್, ಅಂದರೆ ನೀರು ಹರಿಯುವ ಸಣ್ಣ ನಾಳಗಳ ಭಾಗ, ಉಪ್ಪು ಕಟ್ಟಿ ಮುಚ್ಚಿಹೋಗಿತ್ತು. ಎರಡು ಸಲ ಬಿಚ್ಚಿಸಿ ಸಲಾಕೆ ಹೊಡೆಸಿದ ಮೇಲೂ ಸರಿಹೋಗದಿದ್ದಾಗ, ಗುಜರಿಯಲ್ಲಿ ಒಂದು ಒಳ್ಳೆಯ ಹಿತ್ತಾಳೆ ರೇಡಿಯೇಟರ್ ಹುಡುಕಿ ಹಾಕಿಸಿದೆ. ಅಳತೆ ಸರಿಯಿದೆ, ಮೇಲಿನ ಮತ್ತು ಕೆಳಗಿನ ಹೋಸ್‌ಗಳೂ ಸರಿಯಾಗಿ ಕೂತಿವೆ. ಆದರೆ ಅದು ಬೇರೆ ಯಾವುದೋ ಗಾಡಿಯದಾಗಿರಬೇಕು, ಏಕೆಂದರೆ ನನ್ನ ಹಳೆಯದರಲ್ಲಿ ಇಲ್ಲದ ಒಂದು ಬೆರಳು ಗಾತ್ರದ ಪೈಪ್ ಬಾಯಿ ಅದರಲ್ಲಿದೆ. ಅದಕ್ಕೆ ಸೇರಿಸುವ ಹೋಸ್ ನನ್ನ ಗಾಡಿಯಲ್ಲಿ ಎಲ್ಲೂ ಇಲ್ಲ.

ಗ್ಯಾರೇಜಿನ ಮೇಸ್ತ್ರಿ ಆ ಬಾಯಿಗೆ ಒಂದು ರಬ್ಬರ್ ಟೋಪಿ ತೊಡಿಸಿ, ಮೇಲೊಂದು ಕ್ಲಿಪ್ ಬಿಗಿದು ಕಳಿಸಿದರು. ಇಪ್ಪತ್ತಮೂರನೆಯ ದಿನ ಹೊಸಕೋಟೆ ಹತ್ತಿರ ಕ್ಯಾಬಿನ್ ಒಳಗೆ ಬಿಸಿ ಬೆಲ್ಲದಂಥ ವಾಸನೆ ಬಂತು, ನೋಡುವಷ್ಟರಲ್ಲಿ ಉಷ್ಣಾಂಶದ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ತಕ್ಷಣ ಎಂಜಿನ್ ನಿಲ್ಲಿಸಿದ್ದರಿಂದ ಹೆಡ್ ಗ್ಯಾಸ್ಕೆಟ್ ಉಳಿಯಿತು. ತಣ್ಣಗಾದ ಮೇಲೆ ಕೆಳಗೆ ಮಲಗಿ ನೋಡಿದರೆ ಟೋಪಿಯ ನೆತ್ತಿ ಅಡ್ಡಡ್ಡ ಸೀಳಿತ್ತು, ಕ್ಲಿಪ್ ಮಾತ್ರ ಹಾಕಿದ ಜಾಗದಲ್ಲೇ ಇತ್ತು. ಟೊಮೆಟೊ ಬಾಕ್ಸುಗಳು ಮೂರು ಗಂಟೆ ಬಿಸಿಲಿನಲ್ಲಿ ನಿಂತವು. ಮತ್ತೆ ಅದೇ ಟೋಪಿಯನ್ನು ನಂಬಿ ಗಾಡಿ ಹೊರಡಿಸಲು ಮನಸ್ಸು ಒಪ್ಪುತ್ತಿಲ್ಲ. ಈ ಬಾಯಿಯನ್ನು ಇನ್ನೆಂದೂ ಯೋಚಿಸಬೇಕಾಗದ ಹಾಗೆ ಮುಚ್ಚುವ ದಾರಿ ಯಾವುದು? ದಯವಿಟ್ಟು ಅನುಭವವಿರುವವರು ತಿಳಿಸಿ.

ಮಾಗಡಿ_ರಸ್ತೆ
ಹೊಸ ಟೋಪಿ ಹಾಕಿಸಿ, ಈ ಸಲ ಎರಡು ಕ್ಲಿಪ್ ಬಿಗಿಸಿ. ನೂರು ರೂಪಾಯಿಯೊಳಗೆ ಮುಗಿಯುವ ಕೆಲಸಕ್ಕೆ ಇಷ್ಟು ಚಿಂತೆ ಬೇಡ.

ಚಾಲಕ_ಬಂಧು
ಎರಡು ಮುದ್ದೆ ಕಲಸಿ ಹಚ್ಚುವ ಎಪಾಕ್ಸಿಯನ್ನು ಆ ಬಾಯಿಗೆ ತುಂಬಿಬಿಡಿ. ಕಲ್ಲಿನಂತೆ ಗಟ್ಟಿಯಾಗುತ್ತದೆ. ನಮ್ಮ ಮನೆಯ ನೀರಿನ ಟ್ಯಾಂಕಿಗೆ ಹಚ್ಚಿ ಆರು ವರ್ಷವಾಯಿತು, ಒಂದು ಹನಿ ಸೋರಿಲ್ಲ.

ಕಲಾಸಿಪಾಳ್ಯ_ರೇಡಿಯೇಟರ್
ಮೇಲಿನ ಇಬ್ಬರಿಗೂ ಗೌರವದಿಂದಲೇ ಹೇಳುತ್ತೇನೆ, ಎರಡೂ ಸಲಹೆ ತಪ್ಪು. ಮನೆಯ ಟ್ಯಾಂಕಿನ ನೀರು ತಣ್ಣಗಿರುತ್ತದೆ ಮತ್ತು ನಿಂತಿರುತ್ತದೆ. ರೇಡಿಯೇಟರಿನ ಹಿತ್ತಾಳೆ ದಿನಕ್ಕೆ ನಾಲ್ಕೈದು ಸಲ ತೊಂಬತ್ತು ಡಿಗ್ರಿಗೆ ಏರಿ ಮತ್ತೆ ಇಳಿಯುತ್ತದೆ. ಬಿಸಿಗೆ ಹಿತ್ತಾಳೆ ಹಿಗ್ಗುವ ಪ್ರಮಾಣವೇ ಬೇರೆ, ಎಪಾಕ್ಸಿ ಹಿಗ್ಗುವ ಪ್ರಮಾಣವೇ ಬೇರೆ. ಮೇಲಿಂದ ಗಾಡಿಯ ಅದುರು. ಎರಡು ತಿಂಗಳಲ್ಲಿ ಆ ಮುದ್ದೆ ಇಡಿಯಾಗಿ ಸಡಿಲಗೊಂಡು ಕೈಗೆ ಬರುತ್ತದೆ. ನನ್ನ ಅಂಗಡಿಗೆ ಅಂಥ ಕೇಸುಗಳು ಬರುತ್ತಲೇ ಇರುತ್ತವೆ, ಬಂದಾಗ ನಮಗೆ ಎರಡು ಪಟ್ಟು ಕೆಲಸ. ಮೊದಲು ಎಪಾಕ್ಸಿಯನ್ನು ಕೆರೆದು ತೆಗೆಯಬೇಕು, ಏಕೆಂದರೆ ಅದರ ಒಂದು ಪದರ ಉಳಿದರೂ ಬೆಸುಗೆ ಹಿಡಿಯುವುದಿಲ್ಲ.

ಆದರೆ ಮುಚ್ಚುವ ಮಾತು ಆಮೇಲೆ. ಯಜಮಾನರೇ, ಆ ಬಾಯಿ ಎಲ್ಲಿದೆ ಎಂದು ಮೊದಲು ಹೇಳಿ. ಮೇಲಿನ ಟ್ಯಾಂಕಿನಲ್ಲೋ, ಕೆಳಗಿನದರಲ್ಲೋ, ಮುಚ್ಚಳದ ಕತ್ತಿನಲ್ಲೋ? ಯಾವ ಬಾಯಿ ಎಂದು ಗೊತ್ತಿಲ್ಲದೆ ಮುಚ್ಚುವುದು ಸೋರುವುದಕ್ಕಿಂತ ಅಪಾಯ. ಮುಚ್ಚಳ ಕೂರುವ ಕತ್ತಿನ ಪಕ್ಕದಲ್ಲಿರುವ ಸಣ್ಣ ಕೊಳವೆ ಒತ್ತಡ ಹೆಚ್ಚಾದಾಗ ನೀರು ಹೊರಹೋಗಲು ಇರುವ ದಾರಿ, ಅದನ್ನು ಮುಚ್ಚಿದರೆ ಮುಚ್ಚಳದ ಸ್ಪ್ರಿಂಗ್ ಎತ್ತಿದರೂ ನೀರಿಗೆ ಹೋಗಲು ಜಾಗವಿರುವುದಿಲ್ಲ. ಮೇಲಿನ ಟ್ಯಾಂಕಿನ ನೆತ್ತಿಯಲ್ಲಿ ಸಣ್ಣ ಬಾಯಿ ಇದ್ದರೆ ಅದು ಗಾಳಿ ಬಿಡುವುದಕ್ಕೆ ಇರಬಹುದು. ಈ ಎರಡನ್ನೂ ಮುಚ್ಚಬಾರದು.

ನೆಲಮಂಗಲ_ಲಾರಿ
ಕಲಾಸಿಪಾಳ್ಯದವರ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನನ್ನದು ಏರ್ ಬ್ರೇಕ್ ಇರುವ ದೊಡ್ಡ ಲಾರಿ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರಿನ ಹೆಡ್ಡನ್ನು ಎಂಜಿನ್ನಿನ ನೀರೇ ತಂಪು ಮಾಡುತ್ತದೆ. ಎಂಜಿನ್ ಬಿಚ್ಚಿ ಜೋಡಿಸುವಾಗ ಒಬ್ಬ ಹುಡುಗ ಆ ನೀರಿನ ಬಾಯಿಯನ್ನು "ಬಳಕೆಯಿಲ್ಲದ್ದು" ಎಂದುಕೊಂಡು ಬೋಲ್ಟ್ ಹಾಕಿ ಮುಚ್ಚಿದ್ದ. ಒಂದು ಹನಿಯೂ ಸೋರಲಿಲ್ಲ, ಹಾಗಾಗಿ ನನಗೆ ಅನುಮಾನವೂ ಬರಲಿಲ್ಲ. ಎರಡು ತಿಂಗಳ ಮೇಲೆ ಗಾಳಿ ತುಂಬುವುದು ನಿಧಾನವಾಯಿತು. ಬಿಚ್ಚಿ ನೋಡಿದರೆ ಕಂಪ್ರೆಸರಿನ ವಾಲ್ವಿನ ಮೇಲೆ ಕಾದು ಸುಟ್ಟ ಎಣ್ಣೆಯ ಕರಿ ಕಡಲೆಗಾತ್ರ ಕಟ್ಟಿತ್ತು. ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಿದ್ದರೆ ಏನಾಗುತ್ತಿತ್ತೋ ನೆನೆಯಲೂ ಭಯವಾಗುತ್ತದೆ.

ಕೋಲಾರ_ದಾರಿ_407
ಈಗಷ್ಟೇ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ ಬಂದೆ. ಬಾಯಿ ಕೆಳಗಿನ ಟ್ಯಾಂಕಿನಲ್ಲಿದೆ, ಎಡಬದಿಯಲ್ಲಿ, ನೀರು ಬಸಿಯುವ ನಲ್ಲಿಯಿಂದ ಸುಮಾರು ಎರಡು ಇಂಚು ಮೇಲೆ. ಹೊರ ವ್ಯಾಸ 16 ಮಿಲಿಮೀಟರ್, ಒಳ ವ್ಯಾಸ 14, ಟ್ಯಾಂಕಿನಿಂದ ಹೊರಗೆ 30 ಮಿಲಿಮೀಟರ್ ಚಾಚಿದೆ. ತುದಿಯಲ್ಲಿ ಹೋಸ್ ಜಾರದಿರಲೆಂದು ಇರುವ ಉಬ್ಬು ಇದೆ. ನನ್ನ ಗಾಡಿಗೆ ಏರ್ ಬ್ರೇಕ್ ಇಲ್ಲ, ಆಯಿಲ್ ಬ್ರೇಕ್ ಮಾತ್ರ. ಮುಚ್ಚಳದ ಕತ್ತಿನ ಕೊಳವೆ ಬೇರೆಯೇ ಇದೆ, ಅದರಿಂದ ಪ್ಲಾಸ್ಟಿಕ್ ಬಾಟಲಿಗೆ ಪೈಪ್ ಹೋಗಿದೆ.

ಕಲಾಸಿಪಾಳ್ಯ_ರೇಡಿಯೇಟರ್
ಹಾಗಾದರೆ ಧೈರ್ಯವಾಗಿ ಮುಚ್ಚಬಹುದು. ಆ ರೇಡಿಯೇಟರ್ ಮೊದಲಿದ್ದ ಗಾಡಿಯಲ್ಲಿ ಹೀಟರಿನಿಂದ ಹಿಂದಿರುಗುವ ನೀರು ಅಲ್ಲಿಗೆ ಬರುತ್ತಿದ್ದಿರಬೇಕು. ಹೀಟರಿನ ಹೋಸ್‌ಗೆ 16 ಮಿಲಿಮೀಟರ್, ಅಂದರೆ ಐದು ಸೂತು, ಸಾಮಾನ್ಯ ಅಳತೆ. ನಿಮ್ಮ ಎಂಜಿನ್ನಿನ ಎಲ್ಲ ಹೋಸ್‌ಗಳೂ ತಮ್ಮ ತಮ್ಮ ಜಾಗದಲ್ಲಿ ಇವೆ ಎಂದ ಮೇಲೆ ಆ ಬಾಯಿಗೆ ಕೆಲಸವಿಲ್ಲ.

ಯಂತ್ರಪಾಠ
ನಾನು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಮಾಡುವವನು. ಟೋಪಿ ಏಕೆ ಸೀಳಿತು ಎಂಬುದನ್ನು ತಿಳಿದರೆ ಮದ್ದು ತಾನಾಗಿ ಸಿಗುತ್ತದೆ, ಹಾಗಾಗಿ ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ರೇಡಿಯೇಟರಿನ ಮುಚ್ಚಳದ ಮೇಲೆ 0.9 ಎಂದು ಅಚ್ಚಾಗಿದ್ದರೆ, ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 0.9 ಕಿಲೋ ಹೆಚ್ಚಾಗುವವರೆಗೆ ಅದು ತಡೆದಿಡುತ್ತದೆ ಎಂದರ್ಥ. 14 ಮಿಲಿಮೀಟರ್ ಒಳ ವ್ಯಾಸದ ಬಾಯಿಯ ವಿಸ್ತೀರ್ಣ ಒಂದೂವರೆ ಚದರ ಸೆಂಟಿಮೀಟರ್. ಅಲ್ಲಿಗೆ ಟೋಪಿಯನ್ನು ಹೊರಗೆ ತಳ್ಳುವ ಬಲ ಒಂದೂವರೆ ಕಿಲೋ ಕೂಡ ಆಗುವುದಿಲ್ಲ. ಇಷ್ಟು ಬಲವನ್ನು ಒಂದು ಕ್ಲಿಪ್ ಸಲೀಸಾಗಿ ತಡೆಯುತ್ತದೆ, ನಿಮ್ಮ ಗಾಡಿಯಲ್ಲೂ ತಡೆದಿದೆ. ಆದ್ದರಿಂದ ಎರಡನೆಯ ಕ್ಲಿಪ್ಪಿನಿಂದ ಪ್ರಯೋಜನವಿಲ್ಲ. ಸೋತದ್ದು ರಬ್ಬರಿನ ನೆತ್ತಿ.

ಹೋಸ್‌ನ ಗೋಡೆಯ ಒಳಗೆ ನೂಲಿನ ಹೆಣಿಗೆ ಇರುತ್ತದೆ, ಒತ್ತಡವನ್ನು ಹೊರುವುದು ಆ ನೂಲು. ಟೋಪಿಯಲ್ಲಿ ನೂಲಿಲ್ಲ, ಬರೀ ರಬ್ಬರ್. ಅದರಲ್ಲೂ ಅಂಗಡಿಯಲ್ಲಿ ಸಿಗುವ ಬಹುತೇಕ ಟೋಪಿಗಳು ಗಾಳಿ ಎಳೆಯುವ ತಣ್ಣನೆಯ ಕೊಳವೆಗಳಿಗೆಂದು ಮಾಡಿದವು. ಬಿಸಿ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ತಡೆಯುವ ಹೋಸ್‌ಗಳನ್ನು ಇಪಿಡಿಎಂ ಎಂಬ ರಬ್ಬರಿನಲ್ಲಿ ಮಾಡುತ್ತಾರೆ. ಆ ರಬ್ಬರಿಗೆ ಬಿಸಿ ನೀರೆಂದರೆ ಭಯವಿಲ್ಲ, ಎಣ್ಣೆ ತಾಗಿದರೆ ಮಾತ್ರ ಉಬ್ಬಿ ಮೆತ್ತಗಾಗುತ್ತದೆ. ನಿಮ್ಮ ಎಂಜಿನ್ನಿನ ಕೆಳಭಾಗದಲ್ಲಿ ಎಣ್ಣೆ ಜಿನುಗುತ್ತಿದ್ದರೆ ಆ ರಬ್ಬರಿಗೂ ಆಯುಸ್ಸು ಕಡಿಮೆಯೇ.

ಮಾಗಡಿ_ರಸ್ತೆ
ಲೆಕ್ಕ ಒಪ್ಪಿದೆ, ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಒಂದು ಪ್ರಶ್ನೆ. ಬಲ ಅಷ್ಟು ಕಡಿಮೆಯಾದರೆ, ಒತ್ತಡವೇ ಇಲ್ಲದಂತೆ ಮುಚ್ಚಳವನ್ನು ಅರ್ಧ ತಿರುವು ಸಡಿಲ ಬಿಟ್ಟು ಓಡಿಸಬಹುದಲ್ಲವೇ? ನಮ್ಮ ತಂದೆಯವರ ಕಾಲದಲ್ಲಿ ಹಾಗೆ ಮಾಡುವುದನ್ನು ನೋಡಿದ್ದೇನೆ.

ಯಂತ್ರಪಾಠ
ಬೆಂಗಳೂರಿನಲ್ಲಂತೂ ಮಾಡಬಾರದು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. 0.9ರ ಮುಚ್ಚಳ ಗಟ್ಟಿಯಾಗಿ ಕೂತಿದ್ದರೆ ಅದೇ ನೀರು ಸುಮಾರು 117 ಡಿಗ್ರಿವರೆಗೆ ಕುದಿಯುವುದಿಲ್ಲ. ಅಂದರೆ ಆ ಮುಚ್ಚಳ ನಮಗೆ ಇಪ್ಪತ್ತು ಡಿಗ್ರಿಯ ಕಾವಲು ಕೊಡುತ್ತಿದೆ. ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಮೊದಲನೆಯ ಗೇರಿನಲ್ಲಿ ತೆವಳುವ ಗಾಡಿಗೆ ಆ ಇಪ್ಪತ್ತು ಡಿಗ್ರಿ ಬೇಕೇ ಬೇಕು. ಒಂದು ಬಾಯಿಯನ್ನು ಉಳಿಸಲು ಇಡೀ ಎಂಜಿನ್ನಿನ ರಕ್ಷಣೆಯನ್ನು ಬಿಟ್ಟುಕೊಡಬೇಡಿ.

ಪೀಣ್ಯ_ಲೇತ್
ಈಗ ಲೋಹದ ಮಾತಿಗೆ ಬರೋಣ. ನನ್ನ ಸಲಹೆ ಮರೆ, ಅಂದರೆ ಬೋಲ್ಟಿನಲ್ಲಿರುವಂಥ ತಿರುಪಿನ ಗೆರೆ, ಹಾಕಿ ಹಿತ್ತಾಳೆಯಿಂದ ಮುಚ್ಚುವುದು. ಬಾಯಿಯ ಒಳಗೆ ಮರೆ ಕೊರೆದು, ಟೆಫ್ಲಾನ್ ಟೇಪ್ ಸುತ್ತಿದ ಹಿತ್ತಾಳೆ ಪ್ಲಗ್ ತಿರುಗಿಸಿದರೆ ಆಯಿತು. ಮುಂದೆ ರೇಡಿಯೇಟರ್ ತೊಳೆಯಬೇಕಾದಾಗ ಅದೇ ಬಾಯಿ ಬಿಚ್ಚಿ ನೀರು ಹೊಡೆಯಬಹುದು.

ಕಲಾಸಿಪಾಳ್ಯ_ರೇಡಿಯೇಟರ್
ಲೇತಿನ ಅಣ್ಣನವರೇ, ಅವರು ಕೊಟ್ಟ ಅಳತೆಯನ್ನು ಮತ್ತೊಮ್ಮೆ ನೋಡಿ. ಹೊರಗೆ 16, ಒಳಗೆ 14. ಗೋಡೆಯ ದಪ್ಪ ಒಂದೇ ಮಿಲಿಮೀಟರ್. ಅದರಲ್ಲಿ ಮರೆ ಕೊರೆದರೆ ಉಳಿಯುವುದೇನು? ಪ್ಲಗ್ಗನ್ನು ಬಿಗಿ ಮಾಡುವಾಗಲೇ ಕೊಳವೆ ಸೀಳುತ್ತದೆ. ಒಂದು ವೇಳೆ ಸೀಳದಿದ್ದರೂ ಸ್ಪ್ಯಾನರಿನ ತಿರುಚು ಕೊಳವೆಯ ಬುಡದ ಬೆಸುಗೆಗೆ ಹೋಗುತ್ತದೆ. ಅಲ್ಲಿ ಬಿಟ್ಟರೆ ಟ್ಯಾಂಕನ್ನೇ ಇಳಿಸಬೇಕಾಗುತ್ತದೆ.

ಪೀಣ್ಯ_ಲೇತ್
ಗೋಡೆ ತೆಳುವೆಂಬುದನ್ನು ನಾನು ಗಮನಿಸಿರಲಿಲ್ಲ, ನಿಮ್ಮ ಮಾತು ಸರಿ. ಹಾಗಿದ್ದರೆ ಕೊಳವೆಯನ್ನು ತೆಗೆದು ಆ ಜಾಗಕ್ಕೆ ದಪ್ಪ ಹಿತ್ತಾಳೆಯ ಬಾಸ್ (ದಪ್ಪ ಗೋಡೆಯ ಬಳೆ) ಕೂರಿಸಿ, ಗ್ಯಾಸ್‌ನಲ್ಲಿ ಬ್ರೇಜಿಂಗ್, ಅಂದರೆ ಹೆಚ್ಚು ಬಿಸಿಯ ಗಟ್ಟಿ ಬೆಸುಗೆ, ಮಾಡಿ ಅದರಲ್ಲಿ ಮರೆ ಕೊರೆಯಬಹುದು. ಬ್ರೇಜಿಂಗಿನ ಬಲ ಸೀಸದ ಬೆಸುಗೆಗೆ ಎಲ್ಲಿ ಬರುತ್ತದೆ?

ಕಲಾಸಿಪಾಳ್ಯ_ರೇಡಿಯೇಟರ್
ಬಲ ಹೆಚ್ಚೆಂಬುದನ್ನು ಒಪ್ಪುತ್ತೇನೆ, ಆದರೆ ಈ ಜಾಗಕ್ಕೆ ಆ ಬಲ ಬೇಕಿಲ್ಲ. ಮೇಷ್ಟ್ರು ಲೆಕ್ಕ ಹಾಕಿ ತೋರಿಸಿದ್ದಾರೆ, ತಡೆಯಬೇಕಾದದ್ದು ಒಂದೂವರೆ ಕಿಲೋ. ತವರ ಅರವತ್ತು, ಸೀಸ ನಲವತ್ತರ ಬೆಸುಗೆ ಕರಗುವುದು 183 ಡಿಗ್ರಿ ದಾಟಿದ ಮೇಲೆ, ನೀರು ಎಂದೂ ಅಲ್ಲಿಗೆ ಹೋಗುವುದಿಲ್ಲ. ಬ್ರೇಜಿಂಗಿಗೆ 600 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಹಳೆಯ ಹಿತ್ತಾಳೆ ರೇಡಿಯೇಟರಿನಲ್ಲಿ ಟ್ಯಾಂಕಿನ ಅಂಚು, ಕೋರಿನ ನಾಳಗಳ ತುದಿ, ನಲ್ಲಿಯ ಬುಡ, ಎಲ್ಲವೂ ಸೀಸ-ತವರದ ಬೆಸುಗೆಯ ಮೇಲೆಯೇ ನಿಂತಿವೆ. ಎರಡು ಇಂಚು ದೂರದಲ್ಲಿ 600 ಡಿಗ್ರಿಯ ಜ್ವಾಲೆ ಹಿಡಿದರೆ ನೀವು ಒಂದು ಬಾಯಿ ಮುಚ್ಚುವ ಹೊತ್ತಿಗೆ ನಾಲ್ಕು ಕಡೆ ಬಾಯಿ ಬಿಟ್ಟಿರುತ್ತದೆ. ನನ್ನ ಗುರುಗಳು ಹೇಳಿಕೊಟ್ಟದ್ದು ಇಷ್ಟೇ: ರೇಡಿಯೇಟರ್ ಯಾವುದರಿಂದ ಕಟ್ಟಿದೆಯೋ ಅದರಿಂದಲೇ ಅದನ್ನು ರಿಪೇರಿ ಮಾಡು.

ತುಮಕೂರು_ರಸ್ತೆ
ಶಾಶ್ವತ ಕೆಲಸಕ್ಕೆ ರೇಡಿಯೇಟರ್ ಇಳಿಸಬೇಕು, ಅದಕ್ಕೆ ಒಂದು ದಿನ ಗಾಡಿ ನಿಲ್ಲಬೇಕು. ಟೊಮೆಟೊ ಸೀಸನ್ನಿನಲ್ಲಿ ಅದು ಎಷ್ಟು ಕಷ್ಟವೆಂದು ಬಲ್ಲೆ. ಅಲ್ಲಿಯವರೆಗೆ ಓಡಿಸಲು ನಾನು ಮಾಡಿದ್ದ ಉಪಾಯ ಹೇಳುತ್ತೇನೆ. ಟೋಪಿಯ ಬದಲು ಒಳ್ಳೆಯ ಹೀಟರ್ ಹೋಸನ್ನು, ನೂಲಿನ ಹೆಣಿಗೆ ಇರುವಂಥದ್ದನ್ನು, ಮೂರು ಇಂಚು ಕತ್ತರಿಸಿ ಬಾಯಿಗೆ ತೊಡಿಸಿ. ಅದರ ಇನ್ನೊಂದು ತುದಿಗೆ ಒಂದು ಇಂಚು ಉದ್ದದ ಹಿತ್ತಾಳೆ ಸರಳಿನ ತುಂಡು ತೂರಿಸಿ, ಎರಡೂ ಕಡೆ ಸ್ಕ್ರೂ ಕ್ಲಿಪ್ ಬಿಗಿಯಿರಿ. ಈಗ ಒತ್ತಡವನ್ನು ನೂಲು ಹೊರುತ್ತದೆ, ನೆತ್ತಿಯ ಜಾಗದಲ್ಲಿ ಲೋಹ ಇರುತ್ತದೆ. ನನ್ನ ಗಾಡಿಯಲ್ಲಿ ಇದು ಒಂದು ವರ್ಷ ಎರಡು ತಿಂಗಳು ಓಡಿತು.

ಚಾಲಕ_ಬಂಧು
ಹಿತ್ತಾಳೆ ಸರಳೇ ಬೇಕೇ? ಐದು ಸೂತಿನ ಬೋಲ್ಟ್ ತೂರಿಸಿದರೆ ಆಗದೇ?

ತುಮಕೂರು_ರಸ್ತೆ
ಆಗುತ್ತದೆ, ಆದರೆ ಮರೆ ಇರುವ ಭಾಗವನ್ನು ಹೋಸಿನ ಒಳಗೆ ಹಾಕಬೇಡಿ. ಮರೆಯೆಂದರೆ ಸುತ್ತಿ ಸುತ್ತಿ ಹೊರಗೆ ಬರುವ ಒಂದು ಕಾಲುವೆಯೇ. ಎಷ್ಟು ಬಿಗಿದರೂ ನೀರು ಆ ಕಾಲುವೆ ಹಿಡಿದು ಹೊರಗೆ ಬರುತ್ತದೆ. ಮೊದಲ ಸಲ ನಾನು ಮಾಡಿದ್ದು ಅದೇ ತಪ್ಪು, ಕ್ಲಿಪ್ಪಿನ ಕೆಳಗೆ ಬೆಳಗಾಗುವಷ್ಟರಲ್ಲಿ ಹಸಿರು ಹನಿ ನಿಂತಿರುತ್ತಿತ್ತು. ಮರೆಯಿಲ್ಲದ ನುಣುಪು ದೇಹವಿರುವ ಉದ್ದ ಬೋಲ್ಟ್ ತೆಗೆದುಕೊಂಡು, ತಲೆಯನ್ನು ಹೊರಗಿಟ್ಟು, ಮರೆಯ ಭಾಗವನ್ನು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ ಹಾಕಿ. ಅಂಚು ಚೂಪಾಗಿದ್ದರೆ ಹೋಸನ್ನು ಒಳಗಿನಿಂದ ಕೊಯ್ಯುತ್ತದೆ.

ನೆಲಮಂಗಲ_ಲಾರಿ
ಕಬ್ಬಿಣದ ಬೋಲ್ಟ್ ತುಕ್ಕು ಹಿಡಿಯುವುದಿಲ್ಲವೇ?

ತುಮಕೂರು_ರಸ್ತೆ
ಬರೀ ನೀರು ಹಾಕಿದರೆ ಹಿಡಿಯುತ್ತದೆ. ಕೂಲಂಟಿನಲ್ಲಿ ತುಕ್ಕು ತಡೆಯುವ ಮದ್ದು ಇರುವುದರಿಂದ ತಡವಾಗುತ್ತದೆ. ಅದಕ್ಕೇ ನಾನು ಹಿತ್ತಾಳೆ ಎಂದದ್ದು.

ಹಳೆಗಾಡಿ_ಅಭಿಮಾನಿ
ಹೋಸನ್ನು ಹಿಂದಕ್ಕೆ ಬಳಸಿ ಎಂಜಿನ್ನಿಗೇ ಜೋಡಿಸಿಬಿಡುವ ಪದ್ಧತಿಯೂ ಇದೆಯಲ್ಲ? ನನ್ನ ಹಳೆಯ ಜೀಪಿನಲ್ಲಿ ಹೀಟರ್ ತೆಗೆಸಿದಾಗ ಎರಡು ಬಾಯಿಗಳನ್ನು ಒಂದೇ ಹೋಸಿನಿಂದ ಕೂಡಿಸಿಕೊಟ್ಟಿದ್ದರು.

ಯಂತ್ರಪಾಠ
ನಿಮ್ಮ ಜೀಪಿನಲ್ಲಿ ಎರಡು ಬಾಯಿಗಳಿದ್ದವು, ಒಂದು ಕೊಡುವುದು, ಇನ್ನೊಂದು ಪಡೆಯುವುದು. ಇವರ ಗಾಡಿಯಲ್ಲಿ ಪಡೆಯುವ ಬಾಯಿ ಮಾತ್ರ ಇದೆ, ಕೊಡುವುದು ಇಲ್ಲ. ಹಾಗಾಗಿ ಕೂಡಿಸುವ ಪ್ರಶ್ನೆಯೇ ಬರುವುದಿಲ್ಲ. ಎರಡೂ ಇರುವ ಗಾಡಿಗಳಲ್ಲಿಯೂ ಯೋಚಿಸಿ ಮಾಡಬೇಕು. ಕೂಡಿಸಿದರೆ ಎಂಜಿನ್ನಿನಿಂದ ಬರುವ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿನ ಗಾಳಿ ತಾಗದೆ ಹಾಗೇ ಪಂಪಿಗೆ ಮರಳುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಮುಚ್ಚಿರುವಾಗ ನೀರು ಸುತ್ತುವ ದಾರಿಯೇ ಅದು, ಅಂಥವುಗಳಲ್ಲಿ ಮುಚ್ಚಬಾರದು. ಬೇರೆ ಬೈಪಾಸ್ ಹೋಸ್ ಇರುವ ಎಂಜಿನ್ನುಗಳಲ್ಲಿ ಎರಡೂ ಬಾಯಿಗಳನ್ನು ಮುಚ್ಚುವುದು ಒಳ್ಳೆಯದು. ಆದರೆ ಆ ಬೈಪಾಸ್ ಹೋಸನ್ನು ಯಾರೂ ಎಂದೂ ಮುಟ್ಟಬೇಡಿ.

ಕೆಳಗಿನ ಟ್ಯಾಂಕಿನ ಬಗ್ಗೆ ಇನ್ನೊಂದು ಮಾತು. ಅಲ್ಲಿಂದ ಪಂಪು ನೀರನ್ನು ಎಳೆದುಕೊಳ್ಳುತ್ತದೆ, ಅನೇಕ ಗಾಡಿಗಳ ಕೆಳಗಿನ ಹೋಸ್ ಒಳಗೆ ಸ್ಪ್ರಿಂಗ್ ಇರುವುದು ಆ ಎಳೆತಕ್ಕೆ ಹೋಸ್ ಚಪ್ಪಟೆಯಾಗದಿರಲೆಂದೇ. ಎಂಜಿನ್ ನಿಲ್ಲಿಸಿ ಆರಿದಾಗ ನೀರು ಕುಗ್ಗಿ ಒಳಗೆ ಎಳೆತ ಹುಟ್ಟುತ್ತದೆ, ಮುಚ್ಚಳದ ನಡುವಿನ ಸಣ್ಣ ವಾಲ್ವ್ ತೆರೆದು ಬಾಟಲಿಯ ಕೂಲಂಟ್ ಹಿಂದಿರುಗುತ್ತದೆ. ಈ ಬಾಯಿಯಲ್ಲಿ ಕೂದಲೆಳೆಯ ಬಿರುಕಿದ್ದರೆ ಕೂಲಂಟಿನ ಬದಲು ಗಾಳಿ ಒಳಗೆ ಹೋಗುತ್ತದೆ. ಹೊರಗೆ ಹನಿ ಕಾಣದೆಯೇ ನೀರು ಕಡಿಮೆಯಾಗುತ್ತಿದೆ, ಬಾಟಲಿ ಮಾತ್ರ ತುಂಬಿಯೇ ಇದೆ ಎನ್ನುವವರು ಇದನ್ನು ಪರೀಕ್ಷಿಸಬೇಕು.

ಹಳೆಗಾಡಿ_ಅಭಿಮಾನಿ
ಕೊನೆಯ ಮಾತು ನನ್ನ ಗಾಡಿಯ ಕಥೆಯೇ ಆಗಿದೆ. ಆರು ತಿಂಗಳಿಂದ ಬಾಟಲಿ ತುಂಬಿರುವುದನ್ನು ನೋಡಿ ನೀರಿದೆ ಎಂದು ಸಮಾಧಾನಪಟ್ಟುಕೊಂಡಿದ್ದೆ. ನಾಳೆ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡುತ್ತೇನೆ.

ಪೀಣ್ಯ_ಲೇತ್
ಕೋಲಾರದ ಯಜಮಾನರೇ, ಚರ್ಚೆ ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಮರೆಯೂ ಬೇಡ, ಬ್ರೇಜಿಂಗೂ ಬೇಡ. ಲೇತಿನಲ್ಲಿ ಒಂದು ಹಿತ್ತಾಳೆ ಬಿರಡೆ ತಿರುಗಿಸಿಕೊಳ್ಳಿ. ಒಳಗೆ ಹೋಗುವ ಭಾಗ ಹನ್ನೆರಡು ಮಿಲಿಮೀಟರ್ ಉದ್ದ, ವ್ಯಾಸ 14ಕ್ಕಿಂತ ಒಂದು ಕೂದಲು ಕಡಿಮೆ, ಅಂದರೆ 13.8. ಹೊರಗೆ 16ರ ಮೆಟ್ಟಿಲು, ಮೂರು ಮಿಲಿಮೀಟರ್ ದಪ್ಪ. ಆ ಎರಡು ಹತ್ತಂಶದ ಸಂದು ಮುಖ್ಯ. ಬಿಗಿಯಾಗಿ ಹೊಡೆದು ಕೂರಿಸಿದರೆ ಬೆಸುಗೆ ಒಳಗೆ ಇಳಿಯುವುದಿಲ್ಲ, ಅಂಚಿನಲ್ಲಿ ಮಾತ್ರ ನಿಲ್ಲುತ್ತದೆ. ಸಂದು ಇದ್ದರೆ ಕರಗಿದ ಬೆಸುಗೆ ತಾನಾಗಿ ಒಳಗೆ ಎಳೆದುಕೊಂಡು ಹನ್ನೆರಡು ಮಿಲಿಮೀಟರ್ ಉದ್ದಕ್ಕೂ ಹಿಡಿಯುತ್ತದೆ.

ಕಲಾಸಿಪಾಳ್ಯ_ರೇಡಿಯೇಟರ್
ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಾನು ಸೇರಿಸುವುದು ಮೂರು ಎಚ್ಚರಿಕೆ. ರೇಡಿಯೇಟರಿನ ಒಳಗೆ ಒಂದು ಲೋಟ ನೀರು ಉಳಿದಿದ್ದರೂ ಅದು ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ, ಬೆಸುಗೆ ಮೊಸರಿನಂತೆ ಗಂಟು ಗಂಟಾಗಿ ಕೂರುತ್ತದೆ, ಹಾಗಾಗಿ ಪೂರ್ತಿ ಒಣಗಿಸಿ. ಬಾಯಿಯ ಒಳಗೋಡೆಯನ್ನು ಉಪ್ಪುಕಾಗದದಿಂದ ಹೊಂಬಣ್ಣ ಬರುವವರೆಗೆ ಉಜ್ಜಿ. ಬೆಸುಗೆಗೆ ಹಚ್ಚಿದ ಆಸಿಡ್ಡನ್ನು ಕೆಲಸ ಮುಗಿದ ಮೇಲೆ ಒಳಗೂ ಹೊರಗೂ ಬಿಸಿ ನೀರಿನಿಂದ ತೊಳೆಯಿರಿ, ಉಳಿದರೆ ಅದೇ ಹಿತ್ತಾಳೆಯನ್ನು ತಿನ್ನುತ್ತದೆ. ಅಕ್ಕಪಕ್ಕದ ಬೆಸುಗೆ ಕರಗದಂತೆ ಕೊಳವೆಯ ಬುಡಕ್ಕೆ ಒದ್ದೆ ಬಟ್ಟೆ ಸುತ್ತುವುದನ್ನು ಬೆಸುಗೆ ಹಾಕುವವರೇ ನೋಡಿಕೊಳ್ಳುತ್ತಾರೆ.

ತುಮಕೂರು_ರಸ್ತೆ
ಬಸಿದ ಕೂಲಂಟನ್ನು ರಸ್ತೆ ಬದಿಗೆ ಚೆಲ್ಲಬೇಡಿ ಎಂದು ಎಲ್ಲರಿಗೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ನಮ್ಮ ಯಾರ್ಡಿನಲ್ಲಿ ಸಾಕಿದ್ದ ನಾಯಿಯೊಂದು ತಟ್ಟೆಯಲ್ಲಿದ್ದ ಕೂಲಂಟ್ ನೆಕ್ಕಿ ಎರಡೇ ದಿನದಲ್ಲಿ ಸತ್ತುಹೋಯಿತು. ಅಂದಿನಿಂದ ನಾನು ಮುಚ್ಚಳವಿರುವ ಕ್ಯಾನಿನಲ್ಲೇ ಬಸಿಯುತ್ತೇನೆ.

ಕೋಲಾರ_ದಾರಿ_407
ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಭಾನುವಾರದವರೆಗೆ ತುಮಕೂರು ರಸ್ತೆಯವರು ಹೇಳಿದ ಹೋಸ್ ತುಂಡಿನ ಉಪಾಯದಲ್ಲಿ ಓಡಿಸಿದೆ, ಒಂದು ಹನಿಯೂ ಬೀಳಲಿಲ್ಲ. ಸೋಮವಾರ ಗಾಡಿ ನಿಲ್ಲಿಸಿ ರೇಡಿಯೇಟರ್ ಇಳಿಸಿದೆವು. ಬಿರಡೆಯನ್ನು ಪೀಣ್ಯದವರು ಕೊಟ್ಟ ಅಳತೆಯಲ್ಲಿ ನಮ್ಮ ಹತ್ತಿರದ ಲೇತಿನಲ್ಲೇ ಮಾಡಿಸಿದೆ.

ಬೆಸುಗೆ ಹಾಕಿದವರು ಎಪ್ಪತ್ತರ ಆಸುಪಾಸಿನ ಹಿರಿಯರು. ಬಾಯಿಯನ್ನು ಮೇಲ್ಮುಖವಾಗಿರುವಂತೆ ರೇಡಿಯೇಟರನ್ನು ಓರೆಗೆ ನಿಲ್ಲಿಸಿದರು. ಮೊದಲು ಬಿರಡೆಗೆ ಬೇರೆಯಾಗಿ ತವರದ ತೆಳು ಲೇಪ ಹಚ್ಚಿ, ಬಟ್ಟೆಯಿಂದ ಒಂದೇ ಸಲಕ್ಕೆ ಒರೆಸಿದರು, ಅದು ಕನ್ನಡಿಯಂತೆ ಬೆಳ್ಳಗಾಯಿತು. ಕೊಳವೆಯ ಒಳಗೋಡೆಗೂ ಹಾಗೆಯೇ ಮಾಡಿದರು. ಬಿರಡೆಯನ್ನು ಇಟ್ಟ ಮೇಲೆ ಜ್ವಾಲೆಯನ್ನು ಬೆಸುಗೆಯ ಕಡ್ಡಿಗೆ ತೋರಿಸಲೇ ಇಲ್ಲ, ಹಿತ್ತಾಳೆಯನ್ನಷ್ಟೇ ಕಾಯಿಸಿ ಕಡ್ಡಿಯ ತುದಿಯನ್ನು ಮೆಟ್ಟಿಲಿನ ಅಂಚಿಗೆ ಮುಟ್ಟಿಸಿದರು. ಕಡ್ಡಿ ಕರಗಿ ಸುತ್ತಲೂ ಹರಿದು ಒಳಗೆ ಇಂಗಿತು, ಬಿರಡೆ ಒಂದು ಕ್ಷಣ ತೇಲಿದಂತೆ ಅಲ್ಲಾಡಿ ತಾನಾಗಿ ಕೆಳಗೆ ಕೂತಿತು. ಆಗ ಅವರು ಜ್ವಾಲೆ ತೆಗೆದು, "ಇನ್ನು ಆರುವವರೆಗೆ ಯಾರೂ ಮುಟ್ಟಬೇಡಿ" ಎಂದರು.

ಆಮೇಲೆ ಮೇಲಿನ, ಕೆಳಗಿನ ಬಾಯಿಗಳಿಗೆ ರಬ್ಬರ್ ಡಾಟು ಹಾಕಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗೇಜ್ ನೋಡಿಕೊಂಡು ಒಂದು ಕಿಲೋ ಗಾಳಿ ಕೊಟ್ಟರು. ಬಿರಡೆಯ ಸುತ್ತ ಏನೂ ಇಲ್ಲ. ಆದರೆ ನಾವು ಯಾರೂ ಯೋಚಿಸದಿದ್ದ ಬಲಮೂಲೆಯಲ್ಲಿ, ಟ್ಯಾಂಕಿನ ಅಂಚಿನ ಹೊಲಿಗೆಯಿಂದ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಅದಕ್ಕೂ ಬೆಸುಗೆ ಹಾಕಿದರು. ತೊಟ್ಟಿಯಲ್ಲಿ ಮುಳುಗಿಸದೆ ಗಾಡಿಗೆ ಏರಿಸಿದ್ದರೆ ಇನ್ನೊಂದು ಸಲ ಹೊಸಕೋಟೆಯಲ್ಲಿ ನಿಲ್ಲುತ್ತಿದ್ದೆ.

ಕಲಾಸಿಪಾಳ್ಯ_ರೇಡಿಯೇಟರ್
ಕಡ್ಡಿಗೆ ಜ್ವಾಲೆ ತೋರಿಸಲಿಲ್ಲ ಎಂದಿರಲ್ಲ, ಅಲ್ಲಿಗೇ ಅವರು ಎಂಥ ಕೆಲಸಗಾರರೆಂದು ಗೊತ್ತಾಯಿತು. ನಮ್ಮಲ್ಲಿ ಈ ಕೈಚಳಕ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಈಗ ಬಟ್ಟಿ ಇಳಿಸಿದ ನೀರಿಗೆ ಕೂಲಂಟ್ ಬೆರೆಸಿ ತುಂಬಿಸಿ. ಬೋರ್‌ವೆಲ್ ನೀರನ್ನು ಮತ್ತೆ ಹಾಕಿದರೆ ಈ ಕೋರೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಕೋಲಾರ_ದಾರಿ_407
ಅರ್ಧಕ್ಕರ್ಧ ಬೆರೆಸಿಯೇ ತುಂಬಿಸಿದ್ದೇನೆ.

ಎಚ್‌ಎಎಲ್_ಹತ್ತಿರ
ತಡವಾಗಿ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದು ಸ್ವಲ್ಪ ಹೊಸ ಪಿಕಪ್. ರೇಡಿಯೇಟರಿನ ಕೋರ್ ಅಲ್ಯೂಮಿನಿಯಂ, ಟ್ಯಾಂಕ್ ಕಪ್ಪು ಪ್ಲಾಸ್ಟಿಕ್. ಅದರಲ್ಲಿಯೂ ಹೀಗೊಂದು ಬಾಯಿ ಖಾಲಿ ಇದೆ. ಬಿರಡೆ ಬೆಸುಗೆ ಹಾಕಿಸಬಹುದೇ?

ಕಲಾಸಿಪಾಳ್ಯ_ರೇಡಿಯೇಟರ್
ಪ್ಲಾಸ್ಟಿಕ್ ಟ್ಯಾಂಕಿನ ಹತ್ತಿರ ಜ್ವಾಲೆ ತರಲೇಬೇಡಿ. ನಿಮಗೆ ಹೋಸ್ ತುಂಡು, ನುಣುಪು ಹಿತ್ತಾಳೆ ಸರಳು, ಎರಡು ಕ್ಲಿಪ್ಪುಗಳ ಉಪಾಯವೇ ಸರಿ. ಕ್ಲಿಪ್ಪನ್ನು ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಕೊಳವೆ ಒಳಕ್ಕೆ ಕುಸಿಯುತ್ತದೆ, ಹೋಸ್ ಕೈಯಲ್ಲಿ ತಿರುಗದಷ್ಟು ಬಿಗಿಯಾದರೆ ಸಾಕು. ಎರಡು ವರ್ಷಕ್ಕೊಮ್ಮೆ ಹೋಸ್ ತುಂಡು ಬದಲಿಸಿ.

ಎಚ್‌ಎಎಲ್_ಹತ್ತಿರ
ಧನ್ಯವಾದಗಳು ಸರ್. ಬಾಯಿ ಕೆಳಗಿನ ಟ್ಯಾಂಕಿನಲ್ಲಿದೆ, ಮುಚ್ಚಳದ ಕೊಳವೆ ಬೇರೆ ಇದೆ, ಎರಡನ್ನೂ ನೋಡಿಯೇ ಕೇಳಿದೆ.

ಕೋಲಾರ_ದಾರಿ_407
ಇವತ್ತು ಸಂಜೆ ಟಿನ್ ಫ್ಯಾಕ್ಟರಿಯಲ್ಲಿ ಐವತ್ತು ನಿಮಿಷ ಸಿಕ್ಕಿಹಾಕಿಕೊಂಡಿದ್ದೆ, ಮುಳ್ಳು ನಡುಗೆರೆ ಬಿಟ್ಟು ಅಲ್ಲಾಡಲಿಲ್ಲ. ಮನೆಗೆ ಬಂದು ರೇಡಿಯೇಟರಿನ ಕೆಳಗೆ ಹಳೆಯ ಪೇಪರ್ ಹಾಸಿ ಮಲಗಿದ್ದೆ, ಈಗ ಎದ್ದು ನೋಡಿದರೆ ಪೇಪರ್ ಒಣಗಿಯೇ ಇದೆ. ಆರು ಗಂಟೆಗೆ ಕೋಲಾರಕ್ಕೆ ಹೊರಡುತ್ತಿದ್ದೇನೆ. ಹೋಸ್ ತುಂಡು, ಸರಳು, ಎರಡು ಕ್ಲಿಪ್ಪುಗಳನ್ನು ಟೂಲ್ ಬಾಕ್ಸಿನಲ್ಲಿ ಹಾಗೇ ಇಟ್ಟುಕೊಂಡಿದ್ದೇನೆ, ದಾರಿಯಲ್ಲಿ ಯಾರಿಗಾದರೂ ಬೇಕಾದರೆ ಕೈ ತೋರಿಸಿ ನಿಲ್ಲಿಸಿ.